ಮೊದಲು ಸೂಜಿ ಹಿಂದಕ್ಕೆ

ಬಟ್ಟಲಿಗೆ ಉಗುರುಬೆಚ್ಚಗಿನ ನೀರು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆ ತಿಕ್ಕುತ್ತಿದ್ದಳು ರಶ್ಮಿ. ನೀಲಿ ನೀರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಿದು, ಕೆಸುವಿನ ಬುಡಕ್ಕೆ ಇಳಿಯುತ್ತಿತ್ತು.

ಬಟ್ಟಲೆಂದರೆ ಅಡುಗೆಮನೆಯದಲ್ಲ. ಹೆಬ್ಬೆರಳಿನ ತುದಿಯಷ್ಟೇ ದೊಡ್ಡದು. ಏರ್‌ಬ್ರಷ್ ಎನ್ನುವ, ಪೆನ್ನಿನಷ್ಟುದ್ದದ ಸಾಮಾನಿನ ಬೆನ್ನ ಮೇಲೆ ಕೂತ ಬಟ್ಟಲು. ಅದಕ್ಕೆ ನಾಲ್ಕು ಹನಿ ಬಣ್ಣ ಬಿಟ್ಟು, ಕೆಳಗಿನ ಕೊಳವೆಯಿಂದ ಗಾಳಿ ಕೊಟ್ಟು, ಬೆರಳಲ್ಲಿ ಗುಂಡಿ ಒತ್ತಿ ಹಿಂದಕ್ಕೆಳೆದರೆ ಬಣ್ಣ ಮಂಜಾಗಿ ಹೊರಗೆ ಬರುತ್ತದೆ.

ಆ ಮಂಜಿಗಾಗಿಯೇ ರಶ್ಮಿ ಅದನ್ನು ಜೀವದ ಹಾಗೆ ಕಾಪಾಡುತ್ತಿದ್ದಳು. ದೇವರಮನೆ ಗುಡ್ಡದ ಮೇಲೆ ಬೆಳಿಗ್ಗೆ ಎದ್ದು ನಿಲ್ಲುವ ಮಂಜನ್ನು ಕುಂಚದಲ್ಲಿ ಬರೆಯಲು ಹೋಗಿ ಎಷ್ಟು ಕಾಗದ ಹಾಳು ಮಾಡಿದ್ದಳೋ! ಚಿಕ್ಕಮಗಳೂರಿನಲ್ಲಿ ಅವಳಿಗೆ ಡ್ರಾಯಿಂಗ್ ಕಲಿಸಿದ ಗುರುವಯ್ಯ ಮೇಷ್ಟ್ರು ರಿಟೈರಾಗುವಾಗ ಈ ಏರ್‌ಬ್ರಷ್ಷನ್ನು ಅವಳ ಕೈಗಿಟ್ಟು, "ನನಗಿದು ಬರೀ ಹವ್ಯಾಸ ಆಗಿತ್ತು ಕಣಮ್ಮ. ನಿನಗೆ ಕೆಲಸಕ್ಕೆ ಬರಲಿ" ಎಂದಿದ್ದರು. ಅಂದಿನಿಂದ ಅವಳು ಬರೆದ ಮಂಜಿನ ಗುಡ್ಡಗಳ ಶುಭಾಶಯ ಕಾರ್ಡುಗಳು, ಗೋಣಿಬೀಡಿನ ಬಸ್‌ಸ್ಟಾಪಿನ ಎದುರಿಗಿದ್ದ ಅವಳ ತಾಯಿ ಕಲ್ಲಮ್ಮನ ಬಳೆ-ನೋಟ್‌ಬುಕ್ಕಿನ ಅಂಗಡಿಯಲ್ಲಿ ನೇತಾಡುತ್ತಿದ್ದವು.

ತೊಳೆಯುವಾಗ ಒಳಗಿನ ಉದ್ದನೆಯ ಸೂಜಿ ಕಳೆದುಹೋಗಬಾರದೆಂದು ರಶ್ಮಿ ಅದನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಇವತ್ತೂ ಅಲ್ಲೇ ಇತ್ತು.

"ಗಾಳಿ ತಂದಿದೀನಿ!"

ಬೆನ್ನ ಹಿಂದೆ ಗಂಡು ದನಿ! ಬೆಚ್ಚಿ ತಿರುಗಿದಳು. ತಿರುಗಿದ ರಭಸಕ್ಕೆ ತುರುಬಿನ ಸೂಜಿ ಜಾರಿ, ಕಲ್ಲಿನ ಮೇಲೆ 'ಟಿಣ್' ಎಂದು ಬಿತ್ತು.

"ಅಯ್ಯೋ, ನನ್ನ ಸೂಜಿ! ಹೆಜ್ಜೆ ಇಡಬೇಡಿ!"

"ಕಾಲು ಎತ್ತಿ ಆಗಿದೆ ಕಣ್ರೀ... ಎಲ್ಲಿ ಇಡ್ಲಿ?"

ಹೆಗಲ ಮೇಲೆ ಜೀಪಿನ ಸ್ಟೆಪ್ನಿ ಹೊತ್ತುಕೊಂಡು, ಒಂಟಿ ಕಾಲಿನಲ್ಲಿ ಗದ್ದೆಯ ಕೊಕ್ಕರೆ ಹಾಗೆ ನಿಂತಿದ್ದ ಒಬ್ಬ ಯುವಕ. ಅಂಗಿಯ ತುಂಬಾ ಗ್ರೀಸು. ಕಣ್ಣಲ್ಲಿ ಮಾತ್ರ ಹೆದರಿಕೆಯೂ ನಗುವೂ ಒಟ್ಟಿಗೆ.

ರಶ್ಮಿ ಅವನ ಕಾಲಡಿಯಿಂದ ಸೂಜಿ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕೂದಲಿನ ಹಾಗೆ ಸಣ್ಣಗಿರಬೇಕಿದ್ದ ತುದಿ ಕೊಕ್ಕೆಯಂತೆ ಬಾಗಿತ್ತು.

"ಯಾರು ನೀವು? ಹಿತ್ತಿಲಿಗೆ ಹೀಗಾ ನುಗ್ಗೋದು? ಕೆಮ್ಮೋಕೆ ಬರಲ್ವಾ? ಬಾಯಿಗೆ ಬೀಗ ಹಾಕಿತ್ತಾ?"

"ಬಾಯಿ ತೆಗೆದಿದ್ದಕ್ಕೇ ಅಲ್ವಾ ಹೀಗಾಗಿದ್ದು..." ಅವನು ಮೆಲ್ಲಗೆ ಹೇಳಿದ. "ನಾನು ವೀರೇಂದ್ರ. ಪಂಕ್ಚರ್ ಅಂಗಡಿ ಬೊಮ್ಮಯ್ಯನವರ ಅಕ್ಕನ ಮಗ. ಕಳಸದಿಂದ ಬಂದಿದೀನಿ, ಮಾವನ ಹತ್ರ ಕೆಲಸಕ್ಕೆ. ಈ ಮನೆಗೆ ದಿನಾ ಒಂದು ಸ್ಟೆಪ್ನಿ ಗಾಳಿ ಕೊಡ್ಬೇಕು ಅಂದ್ರು ಮಾವ. ಗಾಳಿ ತಿಂದು ಬದುಕೋರು ಯಾರಪ್ಪಾ ಅಂತ ನೋಡೋಕೆ ಬಂದೆ."

ರಶ್ಮಿಗೆ ನಗು ಬರುವಂತಿತ್ತು. ಬಿಡಲಿಲ್ಲ. ಕಂಪ್ರೆಸರ್ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಕೊಂಡರೂ ಕರೆಂಟನ್ನು ನೆಚ್ಚುವಂತಿರಲಿಲ್ಲ. ಅದಕ್ಕೇ ಗಾಳಿ ತುಂಬಿದ ಜೀಪಿನ ಚಕ್ರಕ್ಕೆ ಸಣ್ಣ ಕೊಳವೆ ಜೋಡಿಸಿ ಬಣ್ಣ ಊದುತ್ತಿದ್ದಳು. ಒಂದು ಸ್ಟೆಪ್ನಿ ಗಾಳಿಗೆ ನಾಲ್ಕು ಕಾರ್ಡು.

"ಇನ್ನು ನಾಲ್ಕು ದಿನಕ್ಕೆ ಸಂಕ್ರಾಂತಿ. ಸೂಜಿ ಹೀಗಾದ್ರೆ ಬಣ್ಣ ಒಂದು ಕಡೆ ಎಳೀತದೆ... ನೀವೇ ಬರೆದುಕೊಡ್ತೀರಾ ಕಾರ್ಡು?"

ವೀರೇಂದ್ರ ಸ್ಟೆಪ್ನಿ ಇಳಿಸಿ ಕೈ ಒರೆಸಿಕೊಂಡ. "ಒಮ್ಮೆ ಕೊಡಿ, ನೋಡ್ತೀನಿ."

ಸೂಜಿಯನ್ನು ಅವನು ಹಿಡಿದ ರೀತಿ ನೋಡಿ ಅವಳ ಸಿಟ್ಟು ಅರ್ಧ ಇಳಿಯಿತು. ಆ ಒರಟು ಬೆರಳುಗಳು ಆಗಷ್ಟೇ ಹುಟ್ಟಿದ ಹಕ್ಕಿಮರಿ ಹಿಡಿದಂತೆ ಹಿಡಿದಿದ್ದವು.

"ಗಾಜಿನ ಮೇಲಿಟ್ಟು ಉರುಳಿಸಿ ನೇರ ಮಾಡ್ಬಹುದು. ಆಮೇಲೆ ನಯವಾದ ಎಮರಿ ಕಾಗದ ನೀರಲ್ಲಿ ನೆನೆಸಿ ಉಜ್ಜಿದ್ರೆ ಆಯ್ತು. ನಾಳೆ ಬೆಳಿಗ್ಗೆ ತಂದು ಕೊಡ್ತೀನಿ." ಏರ್‌ಬ್ರಷ್ಷಿನ ಗುಂಡಿಯನ್ನೊಮ್ಮೆ ಒತ್ತಿ ನೋಡಿದ. "ಗುಂಡಿ ಯಾಕೆ ಹೀಗೆ ಬಿಗಿ ಇದೆ?"

"ಎಣ್ಣೆ ಹಾಕ್ತಾನೇ ಇದೀನಿ. ಆದ್ರೂ ಬೆಳಿಗ್ಗೆ ಹೊತ್ತು ಅಲ್ಲಾಡೋದೇ ಇಲ್ಲ."

ಅವನು ಮೂಸಿ ನೋಡಿದ. ಮುಖದಲ್ಲಿ ನಗು ಅರಳಿತು.

"ಕೊಬ್ಬರಿ ಎಣ್ಣೆ! ಅಲ್ಲಾ ಮಾರಾಯ್ರೇ, ಈ ಚಳಿಗೆ ನಿಮ್ಮ ಶೀಶೆಯಲ್ಲೇ ಅದು ಗಟ್ಟಿಯಾಗಿ ಕೂತಿರ್ತದೆ. ಇದರೊಳಗೆ ಕೂರಲ್ವಾ? ತಲೆಗೆ ಹಚ್ಚೋದನ್ನ ತಲೆಗೇ ಹಚ್ಚಿ. ಇದಕ್ಕೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು."

ರಶ್ಮಿಯ ಕಿವಿ ಕೆಂಪಾಯಿತು. ಒಂದು ವರ್ಷದಿಂದ ಚಳಿ ಬಿದ್ದಾಗಲೆಲ್ಲ ಒದ್ದಾಡಿದ್ದಳು. ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ!

ಸೋಲೊಪ್ಪಲು ಮನಸ್ಸಾಗದೆ ಹೇಳಿದಳು, "ನಾಳೆ ಜೋಡಿಸುವಾಗ ನನ್ನ ಕೇಳದೆ ಏನೂ ಮುಟ್ಟಬೇಡಿ. ಇದಕ್ಕೊಂದು ಕ್ರಮ ಇದೆ. ಬಿಚ್ಚುವಾಗ ಮೊದಲು ಸೂಜಿ ಹಿಂದಕ್ಕೆ, ಆಮೇಲೆ ನಾಜಲ್, ಈ ತುದಿಯ ಮೂತಿ. ಸೂಜಿ ಒಳಗಿರುವಾಗಲೇ ನಾಜಲ್ ತಿರುಗಿಸಿದ್ರೆ ಎರಡೂ ಹಾಳು."

"ಮೊದಲು ಸೂಜಿ ಹಿಂದಕ್ಕೆ..." ಅವನು ಪಾಠ ಒಪ್ಪಿಸುವ ಮಗುವಿನಂತೆ ಹೇಳಿದ. "ನಾಜಲ್ ಕಟ್ಟಿದ್ರೆ?"

"ನೆನೆಸಿಟ್ಟು ಗಾಳಿ ಊದೋದು."

"ಬೈಕಿನ ಕಾರ್ಬೊರೇಟರ್ ಜೆಟ್ಟಿಗೂ ಹಾಗೇ. ತಂತಿ ಹಾಕಿದವನ ಕೈ ಕಡೀಬೇಕು ಅಂತಾರೆ ನಮ್ಮ ಮಾವ. ತಂತಿ ಹಾಕಿದ್ರೆ ತೂತು ದೊಡ್ಡದಾಗಿ ಮುಗೀತು ಕಥೆ."

ಬಾಗಿಲ ಬಳಿ ಹೋಗಿ ನಿಂತು, ತಿರುಗಿ ನೋಡಿದ.

"ಒಂದು ಕೇಳ್ಲಾ? ಮಾತಾಡುವಾಗಲೂ ನೀವು ಆ ಕ್ರಮ ಪಾಲಿಸ್ಬಹುದಲ್ವಾ? ಮೊದಲು ಸೂಜಿ ಹಿಂದಕ್ಕೆ..."

ಅವಳು ಹಲ್ಲುಜ್ಜುವ ಬ್ರಷ್ಷನ್ನು ಅವನತ್ತ ಬೀಸಿದಳು. ಅವನು ಹೋಗಿಯಾಗಿತ್ತು. ನಗು ಮಾತ್ರ ಹಿತ್ತಿಲಲ್ಲೇ ಉಳಿದಿತ್ತು.

*

ಅದು ತೊಂಬತ್ತೆಂಟನೇ ಇಸವಿ. ಮಾರನೇ ದಿನ ಸೂಜಿ ಬಂತು, ಮುಖ ಕಾಣುವಷ್ಟು ಹೊಳೆಯುತ್ತ! ಸಂಕ್ರಾಂತಿ ಕಾರ್ಡುಗಳೆಲ್ಲ ಹೊತ್ತಿಗೆ ಸರಿಯಾಗಿ ಮುಗಿದವು.

ಆಮೇಲೆ ಸ್ಟೆಪ್ನಿ ತರಲು ಬೊಮ್ಮಯ್ಯ ಬರಲೇ ಇಲ್ಲ. ವೀರೇಂದ್ರನೇ ಬರುತ್ತಿದ್ದ. ಹಿತ್ತಿಲ ಬಾಗಿಲಲ್ಲಿ ಮೂರು ಸಲ ಕೆಮ್ಮುತ್ತಿದ್ದ.

"ಕೆಮ್ಮು ಜಾಸ್ತಿ ಆಗಿದೆ ಮಗಾ ನಿನಗೆ. ಕಷಾಯ ಮಾಡಿ ಕೊಡ್ಲಾ?" ಎಂದು ಕಲ್ಲಮ್ಮ ನಿಜವಾಗಿಯೂ ಕೇಳಿದ್ದಳು. ರಶ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಕಲ್ಲಮ್ಮನಿಗೆ ಅವನೆಂದರೆ ಪ್ರೀತಿ. ಪಂಪ್ ಸ್ಟವ್ ಹೊತ್ತಿಸಿ, ಅವನಿಗೆಂದೇ ಬೆಲ್ಲದ ಕಾಫಿ ಕಾಯಿಸುತ್ತಿದ್ದಳು. ಸ್ಟವ್ ಕೆಮ್ಮಿ ಉಗುಳಿದಾಗಲೆಲ್ಲ, ಗೋಡೆಗೆ ಸಿಕ್ಕಿಸಿದ್ದ ಪಿನ್ ತೆಗೆದು ಅದರ ಬಾಯಿಗೆ ಚುಚ್ಚಿ, "ಈಗ ನೋಡು, ಹೇಗೆ ಉರೀತದೆ!" ಎಂದು ಬೀಗುತ್ತಿದ್ದಳು.

ಬಣ್ಣದ ಕಣ ನಾಜಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ರಶ್ಮಿ ಗೊಣಗಿದರೆ ವೀರೇಂದ್ರ, "ತೋಟಕ್ಕೆ ಮೈಲುತುತ್ತ ಹೊಡೆಯುವಾಗ ಪಂಚೆಯಲ್ಲಿ ಸೋಸಲ್ವಾ? ಹಾಗೇ ಸೋಸಿ" ಎಂದು ತನ್ನದೇ ಹಳೇ ಪಂಚೆಯ ತುಂಡು ಒಗೆದು ತಂದ. ಅವಳು ಸೋಸಿದಳು. ಬಣ್ಣ ಹಾಲಿನ ಹಾಗೆ ಹರಿಯಿತು. ಆ ತುಂಡನ್ನು ಮಾತ್ರ ಅವಳು ಬೇರೆ ಬಟ್ಟೆಗಳ ಜೊತೆ ಬೆರೆಸಲಿಲ್ಲ. ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳಲೂ ಇಲ್ಲ.

ಆಷಾಢದಲ್ಲಿ ಹೊಸ ಕಾಟ ಶುರುವಾಯಿತು. ಚಿತ್ರ ಮುಗಿಯುವ ಹೊತ್ತಿಗೆ ಏರ್‌ಬ್ರಷ್ 'ಥೂ' ಎಂದು ಒಂದು ಹನಿ ನೀರು ಉಗಿಯುತ್ತಿತ್ತು. ಮಂಜಿನ ನಡುವೆ ಕಪ್ಪೆಯ ಕಣ್ಣಿನಂಥ ಕಲೆ!

"ನಿಮ್ಮ ಗಾಳಿಯೇ ಸರಿ ಇಲ್ಲ. ನೀರು ಬೆರೆಸಿ ಕೊಡ್ತಿದೀರಾ?" ಎಂದು ಅವಳು ಸಿಡುಕಿದಳು.

"ಹಾಲಿಗೆ ನೀರು ಬೆರೆಸೋದು ಕೇಳಿದ್ದೆ..." ಎಂದವನು ಅವಳ ಕಣ್ಣು ತುಂಬಿದ್ದನ್ನು ಕಂಡು ಅಲ್ಲಿಗೇ ನಿಲ್ಲಿಸಿದ. "ತಪ್ಪು ಗಾಳಿಯದೇ. ಥಂಡಿ ಗಾಳಿ ಒತ್ತಿ ತುಂಬಿದ್ರೆ ಒಳಗೆ ನೀರಾಗ್ತದೆ. ಎರಡು ದಿನ ಕೊಡಿ."

ಎರಡು ದಿನ ಬಿಟ್ಟು ಬಂದವನ ಕೈಯಲ್ಲೊಂದು ವಿಚಿತ್ರ ಸಾಮಾನು. ಗುಜರಿ ಜೀಪಿನ ಡೀಸೆಲ್ ಫಿಲ್ಟರಿನ ಬಟ್ಟಲು. ಏಳು ಸಲ ಸೋಪಿನಲ್ಲಿ ತೊಳೆದಿದ್ದನಂತೆ. ಒಳಗೆ ಹತ್ತಿ, ತಳದಲ್ಲಿ ನೀರು ಬಿಡುವ ತಿರುಪು. ಚಕ್ರಕ್ಕೂ ಏರ್‌ಬ್ರಷ್ಷಿಗೂ ನಡುವೆ ಅದನ್ನು ಕೂರಿಸಿದ. ಗಾಳಿ ಅದರೊಳಗೆ ಸುತ್ತಿ, ನೀರನ್ನು ಕೆಳಗೆ ಬಿಟ್ಟು, ಒಣಗಿಕೊಂಡು ಹೊರಬಂತು.

ರಶ್ಮಿ ಕಾಗದದ ಮೇಲೆ ಉದ್ದಕ್ಕೆ ಮಂಜು ಎಳೆದಳು. ಒಂದು ಹನಿ ಇಲ್ಲ! ಇನ್ನೊಂದು ಎಳೆದಳು... ಇಲ್ಲ!

"ಬಟ್ಟಲಲ್ಲಿ ನೀರು ನಿಂತಿರ್ತದೆ, ದಿನಾ ಬಿಡ್ಬೇಕು" ಎಂದ ವೀರೇಂದ್ರ. "ಒಳಗೇ ಇಟ್ಕೊಂಡ್ರೆ ಒಂದಿನ ಉಕ್ಕಿ ಚಿತ್ರಕ್ಕೇ ಬೀಳ್ತದೆ."

ಅವನು ಹೇಳಿದ್ದು ಬಟ್ಟಲಿನ ವಿಷಯ. ಆದರೆ ಅವಳಿಗೆ ಮಾತ್ರ, ತನ್ನ ಎದೆಯನ್ನೇ ಯಾರೋ ಮುಟ್ಟಿ ಹೇಳಿದಂತಾಯಿತು. ಒಳಗೆ ಎಷ್ಟು ದಿನದಿಂದ ನಿಂತಿದೆ... ಇವನಿಗೆ ಹೇಗೆ ಹೇಳಲಿ?

ಬಾಯಲ್ಲಿ ಹೇಳಲು ಹೋದರೆ ತನ್ನ ನಾಲಿಗೆ ಏನಾದರೊಂದು ಕೊಂಕು ನುಡಿದೇ ನುಡಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ದಸರೆಗೆ ಮುಂಚೆ ಒಂದು ಮಧ್ಯಾಹ್ನ ನೀಲಿ ಇನ್‌ಲ್ಯಾಂಡ್ ಕಾಗದ ತೆಗೆದು, ಮೂರು ಸಾಲು ಬರೆದಳು.

'ವೀರೇಂದ್ರ ಅವರಿಗೆ... ನೀವು ಕೆಮ್ಮುವುದು ಕೇಳದ ದಿನ ನನ್ನ ಕೈಗೆ ಕೆಲಸ ಹತ್ತುವುದಿಲ್ಲ. ಇದು ಗಾಳಿಗಾಗಿ ಅಲ್ಲ. ಇಷ್ಟನ್ನು ತಿಳಿದು ನಿಮಗೆ ಸರಿ ಕಂಡದ್ದನ್ನು ಮಾಡಿ.'

ಮಡಿಸಿ, ಬೊಮ್ಮಯ್ಯನ ಅಂಗಡಿಯ ವಿಳಾಸ ಬರೆದಳು. ಅಂಟಿಸಲಿಲ್ಲ. ಏರ್‌ಬ್ರಷ್ ಪೆಟ್ಟಿಗೆಯ ಸ್ಪಂಜಿನ ಕೆಳಗೆ ಇಟ್ಟಳು. ಮೂಡಿಗೆರೆಯ ಒಂದು ಹೊಸ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಖಾಲಿ ಇತ್ತು. ಆ ಕೆಲಸವಾಗಲಿ, ಕಾಗದ ಅಂಚೆಗೆ ಹಾಕೋಣ ಎಂದುಕೊಂಡಳು.

*

ಶಾಲೆಯವರು ಒಂದು ದೊಡ್ಡ ಚಿತ್ರ ಕೇಳಿದ್ದರು, ಸೋಮವಾರಕ್ಕೆ. ಶನಿವಾರ ಬೆಳಿಗ್ಗೆ ನಾಜಲ್ ಕಟ್ಟಿತು. ಅವಸರದಲ್ಲಿ ಸೋಸದೆ ಹಾಕಿದ್ದ ಬಿಳಿ ಬಣ್ಣ ಒಳಗೇ ಒಣಗಿತ್ತು.

ರಶ್ಮಿಗೆ ಅದೇ ದಿನ ಮೂಡಿಗೆರೆಗೆ ಹೋಗಿ ಸರ್ಟಿಫಿಕೇಟು ತೋರಿಸಬೇಕಿತ್ತು. "ಅವ್ವಾ, ವೀರೇಂದ್ರ ಬಂದ್ರೆ ಇದನ್ನ ಕೊಟ್ಟು ಕಳ್ಸು. ನಾಜಲ್ ಕಟ್ಟಿದೆ ಅನ್ನು, ಅವ್ರಿಗೆ ಗೊತ್ತಾಗ್ತದೆ" ಎಂದು ಹೇಳಿ ಬಸ್ಸು ಹತ್ತಿದಳು.

ಸಂಜೆ ಬಸ್ಸಿಳಿದವಳು ಮನೆಗೂ ಹೋಗದೆ ನೆಟ್ಟಗೆ ಪಂಕ್ಚರ್ ಅಂಗಡಿಗೆ ಬಂದಳು. ನಾಳೆ ಒಂದೇ ದಿನ ಉಳಿದಿದೆ!

ವೀರೇಂದ್ರ ಬೆಂಚಿನ ಮೇಲೆ ಬಾಗಿ ಕೂತಿದ್ದ. ಎಡಗೈಯಲ್ಲಿ ನಾಜಲ್, ಜೋಳದ ಕಾಳಿಗಿಂತ ಸಣ್ಣದು. ಅದರ ತುದಿ ಬಾಯಿ ಬಿಟ್ಟು ಸೀಳಿತ್ತು. ಬಲಗೈಯಲ್ಲಿ ಚಿಮಟ. ಚಿಮಟದ ತುದಿಯಲ್ಲಿ... ಒಂದು ತುಂಡು ತಂತಿ.

ರಶ್ಮಿ ಬೆಂಚಿನ ಬಳಿಗೆ ನುಗ್ಗಿದಳು.

"ತಂತಿ ಹಾಕಿದ್ರಾ?"

ಅವನು ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ. ಚಿಮಟದ ತುದಿಯನ್ನು ನೋಡಿದ. ಅವಳ ಮನೆಯ ದಿಕ್ಕಿಗೊಮ್ಮೆ ನೋಡಿದ. ಬಾಯಿ ಮುಚ್ಚಿದ.

"ಕೇಳ್ತಿರೋದು ನಿಮ್ಮನ್ನೇ! ತಂತಿ ಹಾಕಿದ್ರಾ?"

"...ಹೂಂ."

ಅಂಗಡಿಯಲ್ಲಿ ಟಯರಿಗೆ ಕಾದು ನಿಂತಿದ್ದ ನಾಲ್ಕು ಜನ ಇತ್ತ ತಿರುಗಿದರು. ರಶ್ಮಿಗೆ ಯಾರೂ ಕಾಣಲಿಲ್ಲ.

"ಗ್ರೀಸಿನ ಕೈಗೆ ಕೊಟ್ಟಿದ್ದು ನನ್ನ ತಪ್ಪು! ಲಾರಿ ಚಕ್ರ ಬಡಿಯೋರಿಗೆ ಇದರ ಬೆಲೆ ಏನು ಗೊತ್ತು? ನನ್ನ ಕೆಲಸಕ್ಕೆ ಕಲ್ಲು ಹಾಕಿದ್ರಿ... ಇನ್ನು ನಮ್ಮ ಮನೆ ಕಡೆ ಕೆಮ್ಮಿದ್ದೂ ಕೇಳಬಾರದು ನನಗೆ!"

ಬೊಮ್ಮಯ್ಯ, "ಏನೇ ತಂಗಿ, ಹುಡುಗ ಪಾಪ..." ಎಂದು ನಡುವೆ ಬಂದರೆ, ವೀರೇಂದ್ರನೇ ಅವರ ಕೈ ಹಿಡಿದು ತಡೆದ. ಏರ್‌ಬ್ರಷ್ಷನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಅವಳ ಮುಂದಿಟ್ಟ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

ಸೋಮವಾರ ಹೋಯಿತು. ಆ ಕೆಲಸವೂ ಹೋಯಿತು. ದೀಪಾವಳಿ ಹೊತ್ತಿಗೆ ವೀರೇಂದ್ರ ಬಾಳೂರಿನಲ್ಲಿ ತನ್ನದೇ ಗ್ಯಾರೇಜು ಹಾಕಿಕೊಂಡು ಹೊರಟುಹೋದ ಎಂದು ಯಾರೋ ಹೇಳಿದರು. ಹೋಗುವ ಮುಂಚೆ ಒಮ್ಮೆ ಅಂಗಡಿಯ ಮುಂದೆ ಬಂದು ನಿಂತಿದ್ದ. ರಶ್ಮಿ ಬಳೆಯ ಡಬ್ಬಿಗಳತ್ತ ಮುಖ ತಿರುಗಿಸಿದ್ದಳು.

ಏರ್‌ಬ್ರಷ್ಷಿನ ಪೆಟ್ಟಿಗೆ ಅಟ್ಟ ಸೇರಿತು. ಸ್ಪಂಜಿನ ಕೆಳಗಿನ ಕಾಗದವೂ.

*

ಮೂರು ವರ್ಷ ಕಳೆದವು. ಊರಿನ ಶಾಲೆಯಲ್ಲೇ ವಾರಕ್ಕೆ ಮೂರು ದಿನ ಡ್ರಾಯಿಂಗ್ ಕಲಿಸುವ ಕೆಲಸ ಸಿಕ್ಕಿತು. ರಶ್ಮಿ ಮಕ್ಕಳಿಗೆ ಕುಂಚದಲ್ಲಿ ಗುಡ್ಡ ಬರೆಯಲು ಕಲಿಸಿದಳು. ಮಂಜು ಬರೆಯಲು ಮಾತ್ರ ಕಲಿಸಲಿಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆದಳು. ರಸ್ತೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಕೈ ನಿಲ್ಲುತ್ತಿತ್ತು. 'ಇನ್ನೂ ಯಾಕೆ ಹೀಗೆ? ಅವನೇ ಅಲ್ಲವಾ ಹಾಳು ಮಾಡಿದ್ದು...' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಎರಡು ಸಾವಿರದ ಒಂದರ ನವೆಂಬರಿನಲ್ಲಿ ಅವರ ಮನೆಗೆ ಗ್ಯಾಸ್ ಬಂತು. ಕಲ್ಲಮ್ಮ ಹೊಸ ಒಲೆಗೆ ಕುಂಕುಮವಿಟ್ಟು, ಹಳೇ ಪಂಪ್ ಸ್ಟವ್ವನ್ನು ಬೂದಿ ಹಾಕಿ ತಿಕ್ಕಿ, ಮೂಟೆ ಕಟ್ಟಲು ಕೂತಳು. ಗೋಡೆಯಿಂದ ಪಿನ್ ಕಿತ್ತು ರಶ್ಮಿಯ ಕೈಗೆ ಕೊಡುತ್ತ,

"ಇದನ್ನೂ ಕಟ್ಟು. ಇದು ಎರಡನೇದು ಕಣೆ. ಮೊದಲಿನದು ನಿನ್ನ ಬಣ್ಣದ ಪೆನ್ನಲ್ಲೇ ಮುರೀತಲ್ಲ" ಎಂದಳು.

"...ಏನಂದೆ?"

"ಅದೇ, ನೀನು ಮೂಡಿಗೆರೆಗೆ ಹೋದ ದಿನ. ಪಾಪ ಆ ಹುಡುಗನಿಗೆ ಯಾಕೆ ತೊಂದ್ರೆ, ಸ್ಟವ್ ಹಾಗೇ ಅಲ್ವಾ ಇದೂ ಅಂತ ಪಿನ್ ಹಾಕಿ ತಿರುಗಿಸಿದೆ. ತುದಿ ಮುರಿದು ಒಳಗೇ ಉಳೀತು. ಹುಡುಗ ಬಂದ, ಹೇಳಿದೆ. 'ಬಿಡಿ ಅಮ್ಮಾ, ನಾನು ತೆಗೀತೀನಿ, ನೀವೇನೂ ಯೋಚನೆ ಮಾಡ್ಬೇಡಿ' ಅಂದ. ಆಮೇಲೆ ನೀನು ಬಂದು, ಅವನೇ ಏನೋ ಕೆಡಿಸಿದ ಅಂದೆ. ನಾನು ಬೇರೇನೋ ಅಂದ್ಕೊಂಡೆ... ಯಾಕೆ? ಯಾಕೆ ಹಾಗೆ ನೋಡ್ತೀಯಾ?"

ರಶ್ಮಿಗೆ ಕೈಯಲ್ಲಿದ್ದ ಪಿನ್ ಸುಟ್ಟಂತಾಯಿತು.

ತಂತಿ ಹಾಕಿದವನ ಕೈ ಕಡೀಬೇಕು ಎಂದು ಮೊದಲ ದಿನವೇ ಹೇಳಿದವನು! ಬಾಗಿದ ಸೂಜಿಯನ್ನು ಹಕ್ಕಿಮರಿಯ ಹಾಗೆ ಹಿಡಿದವನು! ಅವನು ತಂತಿ ಹಾಕುತ್ತಾನೆಯೇ? ನನಗೆ ಹೊಳೆಯಲೇ ಇಲ್ಲವಲ್ಲ... 'ಹೂಂ' ಎನ್ನುವ ಮುಂಚೆ ಅವನು ನೋಡಿದ್ದು ನಮ್ಮ ಮನೆಯ ಕಡೆಗೆ!

ಅವ್ವನಿಗೆ ಏನು ಹೇಳುವುದು? ಬೂದಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ತಪ್ಪು ಮಾಡಿದ ಮಗುವಿನ ಹಾಗೆ ಕೂತಿದ್ದಾಳೆ. ನಾಲಿಗೆಯ ತುದಿಗೆ ಬಂದದ್ದನ್ನು ರಶ್ಮಿ ಜೀವನದಲ್ಲಿ ಮೊದಲ ಸಲ ಹಿಂದಕ್ಕೆಳೆದುಕೊಂಡಳು.

"ಏನಿಲ್ಲ ಅವ್ವಾ. ಹೀಗೇ ಕೇಳಿದೆ."

ಅಷ್ಟರಲ್ಲಿ ಮನೆಯ ಮುಂಭಾಗದ ಅಂಗಡಿ ಬಾಗಿಲಿನಿಂದ ಬೊಮ್ಮಯ್ಯನ ದನಿ. "ಕಲ್ಲಮ್ಮಾ, ಎಲೆ ಅಡಿಕೆ ಕೊಡಿ ಮಾರಾಯ್ತಿ! ಭಾನುವಾರ ಕಳಸಕ್ಕೆ ಹೊರಟಿದ್ದೀನಿ. ನಮ್ಮ ವೀರೂಗೆ ಹೆಣ್ಣು ನೋಡೋಕೆ. ಮೂರು ವರ್ಷದಿಂದ ಬೇಡ ಬೇಡ ಅಂತಿದ್ದ. ಈ ಸಲ ಅವರಮ್ಮ ಅತ್ತು ಕರೆದು ಒಪ್ಪಿಸಿದಾರೆ."

ಅಂದು ಗುರುವಾರ.

*

ಶುಕ್ರವಾರ ಬೆಳಿಗ್ಗೆ ರಶ್ಮಿ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮೂಡಿಗೆರೆಗೆ ಹೋಗಿ, ಬಾಳೂರಿನ ಮೇಲೆ ಹೋಗುವ ಕಳಸದ ಬಸ್ಸು ಹತ್ತಿದಳು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗೋಣ ಎನಿಸಿತು. ಪೆಟ್ಟಿಗೆಯನ್ನು ಎದೆಗೊತ್ತಿ ಕೂತೇ ಇದ್ದಳು.

ಬಾಳೂರಿನ ಗ್ಯಾರೇಜಿನಲ್ಲಿ ಜೀಪೊಂದು ಬಾಯಿ ತೆರೆದು ನಿಂತಿತ್ತು. ಅದರ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ರಶ್ಮಿ ಬಾಗಿಲಲ್ಲಿ ನಿಂತಳು.

ಮೂರು ಸಲ ಕೆಮ್ಮಿದಳು.

ಜೀಪಿನಡಿ ಸ್ಪ್ಯಾನರ್ ಬಿದ್ದ ಸದ್ದು. ಕಾಲುಗಳು ಅಲ್ಲಾಡದೆ ನಿಂತವು. ಆಮೇಲೆ ನಿಧಾನವಾಗಿ ವೀರೇಂದ್ರ ಹೊರಬಂದ. ಕೆನ್ನೆಗೆ ಗ್ರೀಸು. ಕಣ್ಣಿನ ಕೆಳಗೆ ಸ್ವಲ್ಪ ಬಳಲಿಕೆ. ಬಿಟ್ಟರೆ ಅದೇ ಮುಖ.

"...ನೀವಾ?"

"ಅವ್ವ ಹೇಳಿದ್ಲು. ಸ್ಟವ್ ಪಿನ್ ವಿಷಯ." ಒಂದೇ ಉಸಿರಿಗೆ ಹೇಳಿದಳು. "ಯಾಕೆ ಸುಳ್ಳು ಹೇಳಿದ್ರಿ? ನಾನು ಅಷ್ಟು ಜನರ ಎದುರು ಬಾಯಿಗೆ ಬಂದ ಹಾಗೆ ಅಂದೆನಲ್ಲ... ಒಂದು ಮಾತು, ಒಂದೇ ಒಂದು ಮಾತು ಹೇಳಬಾರದಿತ್ತಾ?"

ಅವನು ಕೈ ಒರೆಸಿಕೊಂಡ.

"ಅಮ್ಮ ನಂಗೆ ಹೇಳುವಾಗ ನಗ್ತಾ ಇದ್ರು. ಮಗಳಿಗೆ ಉಪಕಾರ ಮಾಡಿದೀನಿ ಅಂತ ಖುಷಿ ಅವರಿಗೆ. ನಿಮ್ಮ ಸಿಟ್ಟು ನಂಗೆ ಗೊತ್ತಿತ್ತಲ್ಲ... ಆ ಸೂಜಿ ಅಮ್ಮನಿಗೆ ಚುಚ್ಚೋದು ಬೇಡ ಅನ್ನಿಸ್ತು. ನಂದಾದ್ರೆ ರಬ್ಬರ್ ಚರ್ಮ. ಪಂಕ್ಚರ್ ಹಾಕ್ಕೋಬಹುದು."

"ಹಾಕ್ಕೊಂಡ್ರಾ?"

"ಎಲ್ಲಿ... ಮೂರು ವರ್ಷದಿಂದ ಗಾಳಿ ಸೋರ್ತಾನೇ ಇದೆ."

ರಶ್ಮಿ ನಗಲು ಹೋದಳು. ಅಳು ಬಂತು. ತಡೆಯಲಿಲ್ಲ. ಅವನು ಗಾಬರಿಯಾಗಿ ಸುತ್ತ ಹುಡುಕಿ, ಗ್ರೀಸಿಲ್ಲದ ಬಟ್ಟೆ ಒಂದೂ ಸಿಗದೆ, ಕೊನೆಗೆ ಗೋಡೆಯ ಬೀರುವಿನಿಂದ ಫೋಟೋ ರೀಲಿನ ಖಾಲಿ ಡಬ್ಬಿಯೊಂದನ್ನು ತಂದು ಅವಳ ಮುಂದಿಟ್ಟ.

"ಅಳ್ಬೇಡಿ. ಇದನ್ನ ನೋಡಿ."

ಒಳಗೆ ಹತ್ತಿ. ಹತ್ತಿಯ ಮೇಲೆ ಹೊಚ್ಚಹೊಸ ನಾಜಲ್!

"ನಿಮ್ಮ ಪೆಟ್ಟಿಗೆ ಮೇಲಿದ್ದ ಕಂಪನಿ ಹೆಸರು ನೆನಪಿತ್ತು. ಬೊಂಬಾಯಿಯ ಅಂಗಡಿಗೆ ಬರೆದೆ. ನಾಲ್ಕು ತಿಂಗಳಿಗೆ ಬಂತು. ಕೊಡೋಕೆ ಗೋಣಿಬೀಡಿನವರೆಗೆ ಎಷ್ಟೋ ಸಲ ಬಂದೆ. ಕೆಮ್ಮಬಾರದು ಅಂದಿದ್ರಲ್ಲ... ಬಸ್‌ಸ್ಟಾಪಲ್ಲೇ ನಿಂತು ವಾಪಸು ಹೋದೆ."

ರಶ್ಮಿ ಪೆಟ್ಟಿಗೆ ತೆರೆದಳು. ಇಬ್ಬರೂ ಬೆಂಚಿನ ಎರಡು ಬದಿಗೆ ಕೂತರು. ಅವಳು ಸೂಜಿಯನ್ನು ಹಿಂದಕ್ಕೆಳೆದು ತೆಗೆದಳು. ಅವನು ಹೊಸ ನಾಜಲನ್ನು ಬೆರಳ ತುದಿಯಲ್ಲೇ ತಿರುಗಿಸಿ ಕೂರಿಸಿದ. ಅವಳು ಸೂಜಿಯನ್ನು ಮತ್ತೆ ಒಳಗೆ ಜಾರಿಸಿದಳು, ನೂಕದೆ, ತಾನಾಗಿ ತಾಕುವವರೆಗೆ ಮಾತ್ರ. ಒಂದು ಹನಿ ಮಿಷನ್ ಎಣ್ಣೆ. ಮೂಲೆಯಲ್ಲಿದ್ದ ಸ್ಟೆಪ್ನಿಗೆ ಕೊಳವೆ ಸಿಕ್ಕಿಸಿ, ಅವಳು ತಂದಿದ್ದ ನೀಲಿ ಬಣ್ಣವನ್ನು ಬಟ್ಟಲಿಗೆ ಹಾಕಿದರು.

ಇಬ್ಬರೂ ಉಸಿರು ಹಿಡಿದು ಬಟ್ಟಲಿಗೆ ಬಾಗಿದರು. ನಾಜಲ್ ಸೀಳಿದ್ದರೆ ಗಾಳಿ ಹಿಂದಕ್ಕೆ ಬಂದು ಬಣ್ಣದಲ್ಲಿ ಗುಳ್ಳೆ ಏಳುತ್ತದೆ.

ಗುಳ್ಳೆ ಏಳಲಿಲ್ಲ. ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ದೇವರಮನೆಯ ಮಂಜು ಮೆಲ್ಲಗೆ ಎದ್ದಿತು.

"ಅತ್ತೆ ಹೇಗಿದಾರೆ?" ಎಂದು ಕೇಳಿದ ವೀರೇಂದ್ರ, ಮಂಜಿನಿಂದ ಕಣ್ಣು ತೆಗೆಯದೆ.

ರಶ್ಮಿಯ ಕೈ ನಿಂತಿತು. ಮೂರು ವರ್ಷದ ಹಿಂದೆ ಇವನು 'ಅಮ್ಮಾ' ಎನ್ನುತ್ತಿದ್ದ. ಯಾವಾಗ ಅತ್ತೆ ಆದಳು? ಮನಸ್ಸಿನಲ್ಲೇ ಎಷ್ಟು ದಿನದಿಂದ ಹಾಗೆ ಕರೆಯುತ್ತಿದ್ದಾನೋ...

"ಭಾನುವಾರ ಕಳಸಕ್ಕೆ ಹೋಗ್ತೀರಂತೆ" ಎಂದಳು.

"ಅಮ್ಮನ ಕಾಟಕ್ಕೆ ಹೂಂ ಅಂದಿದ್ದೆ." ಅವನು ಈಗ ನೇರವಾಗಿ ಅವಳನ್ನು ನೋಡಿದ. "ಹೋಗ್ಲಾ?"

ರಶ್ಮಿ ಏರ್‌ಬ್ರಷ್ ಕೆಳಗಿಟ್ಟಳು. ಸ್ಪಂಜನ್ನೆತ್ತಿ ನೀಲಿ ಕಾಗದ ತೆಗೆದಳು. ಮಡಿಕೆಯ ಅಂಚು ಹಳದಿಯಾಗಿತ್ತು.

"ಇದು ನಿಮಗೆ ಬರೆದದ್ದು. ಆ ಶನಿವಾರಕ್ಕೂ ಮುಂಚೆ."

ಅವನು ಕೈ ಚಾಚಿದ. ಅವಳು ಕಾಗದ ಹಿಂದಕ್ಕೆಳೆದುಕೊಂಡಳು.

"ಊಹೂಂ. ನಿಮ್ಮ ಪೆನ್ನು ಕೊಡಿ."

ಬೊಮ್ಮಯ್ಯನ ಅಂಗಡಿಯ ವಿಳಾಸ ಹೊಡೆದುಹಾಕಿ, ಬಾಳೂರು ಎಂದು ಬರೆದಳು. ಆಮೇಲೆ ಅವನಿಗೆ ಕಾಣದಂತೆ ಎಡಗೈ ಅಡ್ಡ ಹಿಡಿದು, ಹಳೇ ಮೂರು ಸಾಲಿನ ಕೆಳಗೆ ಒಂದು ಸಾಲು ಸೇರಿಸಿದಳು.

'ಸೂಜಿ ಹಿಂದಕ್ಕೆ ತೆಗೆದಿದ್ದೀನಿ. ಇನ್ನು ಹತ್ತಿರ ಬರಬಹುದು.'

ಅಂಚಿಗೆ ಎಂಜಲು ಹಚ್ಚಿ ಅಂಟಿಸಿ, ಎದ್ದು ಹೊರಟಳು. ಗ್ಯಾರೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಹೋಟೆಲಿನ ಕಂಬಕ್ಕೆ ಕೆಂಪು ಅಂಚೆ ಡಬ್ಬಿ ನೇತುಹಾಕಿದ್ದರು. ವೀರೇಂದ್ರ ಹಿಂದೆಯೇ ಓಡಿ ಬಂದ.

"ಅಲ್ಲಾ ಮಾರಾಯ್ತೀ! ಇಲ್ಲಿ ಹಾಕಿದ್ರೆ ಅದು ಮೂಡಿಗೆರೆಗೆ ಹೋಗಿ, ಮುದ್ರೆ ಹೊಡೆಸ್ಕೊಂಡು, ಮತ್ತೆ ಇಲ್ಲಿಗೇ ಬರ್ಬೇಕು! ನಾನು ಇಲ್ಲೇ ನಿಂತಿದೀನಿ. ಕೈಗೇ ಕೊಡಬಾರದಾ?"

"ಮೂರು ವರ್ಷ ಅಟ್ಟದ ಮೇಲೆ ಮಲಗಿದ್ದ ಕಾಗದ ಇದು. ಒಮ್ಮೆ ಊರೆಲ್ಲ ಸುತ್ತಿ, ಮರ್ಯಾದೆಯಿಂದ ನಿನ್ನ ಬಾಗಿಲಿಗೆ ಬರ್ಲಿ."

'ನಿನ್ನ' ಎಂದಿದ್ದಳು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ನಿಂತರು.

"ಸೋಮವಾರ ಆಗ್ತದೆ ಬರೋದು" ಎಂದ ಅವನು ಸಣ್ಣ ದನಿಯಲ್ಲಿ. "ಭಾನುವಾರ ಎಂತ ಮಾಡ್ಲಿ?"

"ಕಾಗದ ಓದದೆ ಹೆಣ್ಣು ನೋಡೋಕೆ ಹೋಗ್ತಾರಾ ಯಾರಾದ್ರೂ?"

"ಇಲ್ಲ." ಅವನ ಮುಖ ತುಂಬಾ ನಗು. "ಓದಿದ ಮೇಲೆ ಮಾವನ್ನ ಕರ್ಕೊಂಡು ಗೋಣಿಬೀಡಿಗೆ ಬರ್ತೀನಿ. ಮುಂಬಾಗಿಲಿಂದ. ಕೆಮ್ಮಬಹುದಾ?"

"ಜೋರಾಗಿ ಕೆಮ್ಮು. ಅವ್ವ ಕಷಾಯ ಮಾಡಿಟ್ಟಿರ್ತಾಳೆ."

ರಶ್ಮಿ ಕಾಗದವನ್ನು ಡಬ್ಬಿಯ ಬಾಯಿಗೆ ಇಟ್ಟಳು. ಒಂದು ಕ್ಷಣ ಬೆರಳು ಹಾಗೇ ಹಿಡಿದಿತ್ತು. ಅವನು ಪಕ್ಕದಲ್ಲಿ ನಿಂತ, ಅಷ್ಟೆ.

ಬೆರಳು ಬಿಟ್ಟಳು. ಖಾಲಿ ಡಬ್ಬಿಯ ತಳಕ್ಕೆ ಕಾಗದ ತಾಕಿದ ಸದ್ದು ಇಬ್ಬರಿಗೂ ಕೇಳಿಸಿತು.